ಕೊಂಡಿ

ರಬಕವಿ ಮತ್ತು ಬನಹಟ್ಟಿ ನೇಕಾರರ ಅವಳಿ ಊರುಗಳು. ಅಲ್ಲಿಯ ಓಣಿಗಳಲ್ಲಿ ನಡೆಯುವವನ ಕಿವಿಗೆ ಮೊದಲು ಬೀಳುವುದು ಮಗ್ಗದ ಸದ್ದು. ಇಂದು ಆ ಸದ್ದಿನ ಹೆಚ್ಚಿನ ಪಾಲು ವಿದ್ಯುತ್ ಮಗ್ಗಗಳದು. ನಾನು ಬಾಲಕನಾಗಿದ್ದ ಕಾಲದಲ್ಲಿ ನಮ್ಮ ಓಣಿಯ ಮನೆಮನೆಯಲ್ಲಿಯೂ ಕುಣಿಮಗ್ಗವಿದ್ದಿತು. ನಮ್ಮ ಅಪ್ಪ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು ಇಳಕಲ್ ಮಾದರಿಯ ಸೀರೆ ನೇಯುತ್ತಿದ್ದನು. ಅವ್ವ ಪಡಸಾಲೆಯಲ್ಲಿ ಕುಳಿತು ಕಂಡಿಕೆ ಸುತ್ತುತ್ತಿದ್ದಳು. ನನಗಿಂತ ಐದು ವರ್ಷ ಕಿರಿಯಳಾದ ನನ್ನ ತಂಗಿ ಲಾಳಿ ಆ ಕಡೆಯಿಂದ ಈ ಕಡೆಗೆ ಓಡುವುದನ್ನು ನೋಡುತ್ತ ಕೈತಟ್ಟಿ ನಗುತ್ತಿದ್ದಳು.

ಇಳಕಲ್ ಸೀರೆಯ ಒಂದು ವೈಶಿಷ್ಟ್ಯವನ್ನು ನೀವು ಬಲ್ಲಿರಾ? ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಹಾಸಿಗೆ ಹತ್ತಿಯ ನೂಲನ್ನು ಬಳಸಿದರೆ, ಸೆರಗಿನ ಹಾಸಿಗೆ ಕೆಂಪು ರೇಷ್ಮೆಯನ್ನು ಬಳಸುವರು. ಈ ಎರಡು ಹಾಸುಗಳನ್ನು ಮಗ್ಗದ ಮೇಲೆಯೇ ಒಂದುಗೂಡಿಸಬೇಕು. ಒಡಲಿನ ಎಳೆಯ ತುದಿಯಲ್ಲಿ ಒಂದು ಕುಣಿಕೆ. ಅದರೊಳಗೆ ಸೆರಗಿನ ಎಳೆಯ ಕುಣಿಕೆ. ಒಂದು ಇನ್ನೊಂದನ್ನು ಹಿಡಿದುಕೊಂಡು ನಿಲ್ಲುತ್ತದೆ. ಇದಕ್ಕೆ ಕೊಂಡಿ ಎಂದು ಹೆಸರು. ಎಳೆ ಎಳೆಗೂ ಹೀಗೆ ಕೊಂಡಿ ಹಾಕುವುದು ತಾಳ್ಮೆಯ ಕೆಲಸ. ಒಮ್ಮೆ ನಾನು, “ಇಡೀ ಸೀರೆಯನ್ನು ಒಂದೇ ನೂಲಿನಲ್ಲಿ ಏಕೆ ನೇಯಬಾರದು?” ಎಂದು ಕೇಳಿದೆನು. ಅಪ್ಪ ತಲೆಯೆತ್ತದೆಯೇ, “ಎರಡು ಕೂಡಿದರನ ಸೀರಿ ಆಗತೈತೋ ತಮ್ಮಾ” ಎಂದನು.

ಕೊಂಡಿಯೊಂದೇ ಸಾಲದು ಎಂಬುದನ್ನೂ ನಾನು ಅಲ್ಲಿಯೇ ಕಂಡೆನು. ಎಳೆಗಳು ಮಗ್ಗದ ಹಿಂದಿನ ಮರಕ್ಕೂ ಮುಂದಿನ ಮರಕ್ಕೂ ಬಿಗಿಯಾಗಿ ಕಟ್ಟಿಕೊಂಡಿರಬೇಕು. ಆ ಕಟ್ಟು ಸಡಿಲವಾದರೆ ಎಷ್ಟು ಚೆನ್ನಾಗಿ ಹಾಕಿದ ಕೊಂಡಿಯೂ ನಿಲ್ಲಲಾರದು. ಮುಂದೆ ಹೇಳಲಿರುವ ವಿಷಯವನ್ನು ತಿಳಿಯಲು ಈ ಎರಡು ಮಾತುಗಳನ್ನು ನೆನಪಿನಲ್ಲಿಡಿರಿ: ಎಳೆಯನ್ನು ಎಳೆಗೆ ಕೂಡಿಸುವುದು ಕೊಂಡಿ, ಕೊಂಡಿಗೆ ಬಲ ಕೊಡುವುದು ಅದರ ಹಿಂದಿನ ಕಟ್ಟು.

1969ನೆಯ ಇಸವಿ, ಹೋಳಿ ಹುಣ್ಣಿಮೆಗೆ ಕೆಲವು ದಿನಗಳ ಮುಂಚಿನ ಮಾತು. ನಾನು ಮೂರನೆಯ ಇಯತ್ತೆಯಲ್ಲಿದ್ದೆನು. ಶಾಲೆಯಲ್ಲಿ ಒಬ್ಬರ ಹಿಂದೆ ಒಬ್ಬರು ಹುಡುಗರು ಗೈರುಹಾಜರಾಗತೊಡಗಿದರು. ನನಗೂ ಜ್ವರ ಬಂದಿತು. ಮೂಗು ಸೋರಿತು, ಕಣ್ಣು ಕೆಂಪಾಯಿತು, ಕೆಮ್ಮು ಹಿಡಿಯಿತು. ನಾಲ್ಕನೆಯ ದಿನ ಮುಖದ ಮೇಲೆ ಕೆಂಪು ಗಂದೆಗಳು ಮೂಡಿ ಮೈತುಂಬ ಹರಡಿದವು. ಅದು ದಡಾರ, ನಮ್ಮ ಕಡೆ ಅದನ್ನು ಗೊಬ್ಬರ ಎಂದೂ ಕರೆಯುವರು. ಅವ್ವ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದಳು. ತಂಗಿಯನ್ನು ದೂರ ಇರಿಸಲು ಎಷ್ಟು ಪ್ರಯತ್ನಪಟ್ಟರೂ ಅವಳು ನನ್ನ ಹಾಸಿಗೆಯ ಬಳಿಗೇ ಬಂದು ಕುಳಿತುಕೊಳ್ಳುವಳು. ನಾನು ಚೇತರಿಸಿಕೊಂಡೆನು. ನಾನು ಮಲಗಿದ ಹನ್ನೆರಡನೆಯ ದಿನ ಅವಳಿಗೆ ಜ್ವರ ಬಂದಿತು. ಗಂದೆಗಳು ಮಾಸಿದ ಮೇಲೂ ಜ್ವರ ಇಳಿಯಲಿಲ್ಲ, ಉಬ್ಬಸ ಹೆಚ್ಚಿತು. ಅಪ್ಪ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಜಮಖಂಡಿಯ ಮೋಟಾರು ಹತ್ತಿದನು. ಮರುದಿನ ಒಬ್ಬನೇ ಹಿಂದಿರುಗಿದನು.

ಎಷ್ಟೋ ದಿನ ನಮ್ಮ ಮಗ್ಗ ಸದ್ದು ಮಾಡಲಿಲ್ಲ. ಆ ವರ್ಷ ಗೊಬ್ಬರವು ನಮ್ಮ ಓಣಿಯಿಂದ ಓಣಿಗೆ ಹಬ್ಬಿತು. ಮುಧೋಳದ ಸಂತೆಗೆ ಹೋದವರೊಡನೆ ಅಲ್ಲಿಗೆ, ಬೀಳಗಿಯ ಬೀಗರ ಮನೆಗೆ ಹೋದವರೊಡನೆ ಬೀಳಗಿಗೆ ಹೋಯಿತೆಂದು ಹಿರಿಯರು ಮಾತನಾಡಿಕೊಂಡರು. “ಲಾಳಿಗಿಂತ ಜೋರ ಓಡತೈತಿ ಇದು” ಎಂದು ನಮ್ಮ ಆಯಿ ನಿಟ್ಟುಸಿರು ಬಿಟ್ಟಳು. ಇಷ್ಟು ಜೋರಾಗಿ ಇದು ಓಡುವುದು ಹೇಗೆ? ನನ್ನ ಮೈಯೊಳಗಿದ್ದ ರೋಗ ತಂಗಿಯ ಮೈಗೆ ಯಾವ ದಾರಿಯಿಂದ ಹೋಯಿತು? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದಕ್ಕೆ ಸರಿಯಾದ ಉತ್ತರ ವಿಜ್ಞಾನಿಗಳಿಗೆ ದೊರೆತುದು ಆ ಹೋಳಿಯಾಗಿ ನಲವತ್ತೆರಡು ವರ್ಷಗಳ ಮೇಲೆ. ಆ ಉತ್ತರವನ್ನು ಓದಿದಾಗ ನನಗೆ ಅಪ್ಪನ ಕೊಂಡಿಯ ನೆನಪಾಯಿತು.

ನಮ್ಮ ದೇಹವು ಜೀವಕೋಶಗಳಿಂದ ಆಗಿದೆ ಎಂಬುದನ್ನು ನೀವು ವಿಜ್ಞಾನದ ಪಾಠದಲ್ಲಿ ಓದಿರುವಿರಿ. ಚರ್ಮದ ಹೊರಪದರ, ಬಾಯಿಯ ಒಳಪದರ, ಕರುಳು ಮತ್ತು ಶ್ವಾಸನಾಳಗಳ ಒಳಮೈ — ಇವೆಲ್ಲವನ್ನೂ ಹೊದಿಸಿರುವ ಜೀವಕೋಶಗಳ ಹಾಸಿಗೆ ಅನುಲೇಪಕ ಅಂಗಾಂಶವೆಂದು ಹೆಸರು. ಇದು ದೇಹಕ್ಕೆ ಹೊದಿಸಿದ ಬಟ್ಟೆಯಂತೆ. ಹೊರಗಿನ ಧೂಳು, ನಂಜು, ರೋಗಾಣುಗಳನ್ನು ಹೊರಗೇ ತಡೆಯುವುದು ಇದರ ಕೆಲಸ. ಶ್ವಾಸನಾಳದಲ್ಲಿ ಈ ಜೀವಕೋಶಗಳು ಕಂಬಗಳಂತೆ ಒತ್ತೊತ್ತಾಗಿ ನಿಂತಿರುತ್ತವೆ. ಅವುಗಳ ನೆತ್ತಿ ಗಾಳಿಯ ಕಡೆಗೆ, ಬುಡ ದೇಹದ ಒಳಭಾಗದ ಕಡೆಗೆ, ಪಕ್ಕೆಗಳು ನೆರೆಯ ಕೋಶಗಳ ಕಡೆಗೆ ಇರುತ್ತವೆ.

ಬಟ್ಟೆಯ ಬಲ ಎಳೆಗಳ ಹೆಣಿಗೆಯಲ್ಲಿರುವಂತೆ ಈ ಅಂಗಾಂಶದ ಬಲವಿರುವುದು ಕೋಶಕೋಶಗಳ ನಡುವಣ ಸಂಧಿಗಳಲ್ಲಿ. ನೆತ್ತಿಗೆ ಅತಿ ಸಮೀಪವಾಗಿ ಒಂದು ಬಿಗಿಸಂಧಿ ಇದೆ. 1989ರಲ್ಲಿ ನಮ್ಮ ಜಮಖಂಡಿ ಸೀಮೆಯ ರೈತರು ತಾವೇ ಹಣ ಕೂಡಿಸಿ, ಬೆವರು ಸುರಿಸಿ ಚಿಕ್ಕಪಡಸಲಗಿಯ ಬಳಿ ಕೃಷ್ಣಾ ನದಿಗೆ ಕಟ್ಟಿದ ಶ್ರಮಬಿಂದು ಸಾಗರವನ್ನು ನೀವು ನೋಡಿರಬಹುದು. ಅಲ್ಲಿ ಕಂಬಕಂಬಗಳ ನಡುವೆ ಬಾಗಿಲುಗಳು ಬಿಗಿಯಾಗಿ ಕೂತರೆ ಮಾತ್ರ ನೀರು ನಿಲ್ಲುತ್ತದೆ. ಬಿಗಿಸಂಧಿಯ ಕೆಲಸವೂ ಅಂತಹುದೇ. ಅದು ಕೋಶಗಳ ನಡುವಣ ಸಂದಿಯನ್ನು ಮುಚ್ಚಿ, ಹೊರಗಿನದು ನುಸುಳದಂತೆ ಕಾಯುತ್ತದೆ. ಅದರ ಕೆಳಗೆ ಇನ್ನೊಂದು ಸಂಧಿ ಇದೆ. ನೆರೆಯ ಕೋಶಗಳನ್ನು ಒಂದಕ್ಕೊಂದು ಗಟ್ಟಿಯಾಗಿ ಹಿಡಿದುನಿಲ್ಲಿಸುವುದು ಇದರ ಕೆಲಸವಾದುದರಿಂದ ಇದನ್ನು ಹಿಡಿಸಂಧಿ ಎಂದು ಕರೆಯೋಣ.

ಹಿಡಿಸಂಧಿಯಲ್ಲಿರುವ ಪ್ರೋಟೀನುಗಳಲ್ಲಿ ನೆಕ್ಟಿನ್ ಎಂಬುದು ಒಂದು. ಇದರ ಒಂದು ಭಾಗ ಕೋಶದ ಹೊರಕ್ಕೆ ಕೈಯಂತೆ ಚಾಚಿಕೊಂಡಿದೆ. ನಡುಭಾಗ ಕೋಶದ ಪೊರೆಯನ್ನು ಹಾದುಹೋಗಿದೆ. ಬಾಲದಂತಹ ಭಾಗ ಕೋಶದ ಒಳಗಿದೆ. ಒಂದು ಕೋಶದ ನೆಕ್ಟಿನ್ ನೆರೆಯ ಕೋಶದ ನೆಕ್ಟಿನನ್ನು ಹಿಡಿದುಕೊಳ್ಳುತ್ತದೆ. ಕುಣಿಕೆ ಕುಣಿಕೆಯನ್ನು ಹಿಡಿದಂತೆ. ಇದೇ ಜೀವಕೋಶಗಳ ಕೊಂಡಿ. ನೆಕ್ಟಿನ್ ಎಂಬ ಹೆಸರು ಬಂದಿರುವುದೂ ಕೂಡಿಸು, ಜೋಡಿಸು ಎಂಬ ಅರ್ಥದ ಲ್ಯಾಟಿನ್ ಮಾತಿನಿಂದಲೇ.

ಆದರೆ ಕೊಂಡಿಯೊಂದೇ ಸಾಲದಷ್ಟೆ. ಕೋಶದ ಒಳಗೆ ನೆಕ್ಟಿನಿನ ಬಾಲವನ್ನು ಹಿಡಿದುಕೊಳ್ಳುವ ಬೇರೊಂದು ಪ್ರೋಟೀನು ಇದೆ. ಅದರ ಹೆಸರು ಅಫಾಡಿನ್. ಬಳ್ಳಿಗೆ ಹಂದರ ಹೇಗೋ ಸಂಧಿಯ ಪ್ರೋಟೀನುಗಳಿಗೆ ಇಂತಹವು ಹಾಗೆ ಆಧಾರವಾಗಿರುವುದರಿಂದ ಇವನ್ನು ಹಂದರ ಪ್ರೋಟೀನುಗಳೆನ್ನಬಹುದು. ಅಫಾಡಿನ್ ಒಂದು ಕಡೆ ನೆಕ್ಟಿನಿನ ಬಾಲವನ್ನು ಹಿಡಿದಿರುತ್ತದೆ. ಇನ್ನೊಂದು ಕಡೆ ಕೋಶದೊಳಗಿನ ಆಕ್ಟಿನ್ ಎಂಬ ಗಟ್ಟಿ ಎಳೆಗಳನ್ನು ಹಿಡಿದಿರುತ್ತದೆ. ಮಗ್ಗದ ಮರಕ್ಕೆ ಹಾಸನ್ನು ಕಟ್ಟಿದಂತೆಯೇ ಇದು. ಅಫಾಡಿನನ್ನು 1997ರಲ್ಲಿ ಜಪಾನಿನ ಯೋಶಿಮಿ ತಕಾಯಿ ಮತ್ತು ಅವರ ಸಂಗಡಿಗರು ಬೆಳಕಿಗೆ ತಂದರು. ನೆಕ್ಟಿನಿಗೆ ಅದರ ಈಗಿನ ಹೆಸರನ್ನು ಕೊಟ್ಟವರೂ ಅವರೇ.

ಇಲ್ಲಿ ಒಂದು ಸ್ವಾರಸ್ಯವಿದೆ. ನೆಕ್ಟಿನ್ ಕುಟುಂಬದ ಮೊದಲ ಪ್ರೋಟೀನುಗಳನ್ನು ಗುರುತಿಸಿದಾಗ ಅವುಗಳ ನಿಜವಾದ ಕೆಲಸ ಯಾರಿಗೂ ತಿಳಿದಿರಲಿಲ್ಲ. ಅವು ಪೋಲಿಯೋ ವೈರಸ್ಸು ಹಿಡಿದುಕೊಳ್ಳುವ ಪ್ರೋಟೀನನ್ನು ಹೋಲುತ್ತಿದ್ದವು. ಆದುದರಿಂದ ಅವನ್ನು “ಪೋಲಿಯೋ ವೈರಸ್ ಗ್ರಾಹಕದ ಸಂಬಂಧಿಗಳು” ಎಂದು ಕರೆದರು. ಗ್ರಾಹಕ ಎಂದರೆ ವೈರಸ್ಸು ಕೋಶವನ್ನು ಹೊಗಲು ಮೊದಲು ಹಿಡಿದುಕೊಳ್ಳುವ ಪ್ರೋಟೀನು. ಯೋಚಿಸಿ ನೋಡಿರಿ: ಮನೆಯೊಡೆಯನು ನೆರೆಯವನ ಕೈಹಿಡಿಯಲು ಚಾಚಿದ ಕೈಗೆ “ಕಳ್ಳನು ಹಿಡಿಯುವ ಕೈ” ಎಂದು ಹೆಸರಿಟ್ಟರೆ ಹೇಗಿರುತ್ತದೆ? ವೈರಸ್ಸಿಗಾಗಿ ಯಾವ ಜೀವಕೋಶವೂ ಬಾಗಿಲನ್ನು ಕಟ್ಟಿಕೊಂಡಿಲ್ಲ. ಕೋಶವು ತನ್ನ ಬಾಳಿಗಾಗಿ ಚಾಚಿದ ಕೈಯನ್ನೇ ವೈರಸ್ಸು ವಂಚನೆಯಿಂದ ಹಿಡಿಯುತ್ತದೆ.

ಈಗ ದಡಾರದ ದಾರಿಯನ್ನು ನೋಡೋಣ. ಇದರ ವೈರಸ್ಸು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದೆರಡು ಭಾಗದಷ್ಟು ಗಾತ್ರದ್ದು. ಕೆಮ್ಮಿದಾಗ, ಸೀನಿದಾಗ ಹೊರಬಿದ್ದ ವೈರಸ್ಸು ಮುಚ್ಚಿದ ಕೋಣೆಯ ಗಾಳಿಯಲ್ಲಿ ಎರಡು ಗಂಟೆಗಳವರೆಗೂ ಉಳಿಯಬಲ್ಲುದು. ಅದು ಉಸಿರಿನೊಡನೆ ಒಳಹೊಕ್ಕು, ಶ್ವಾಸನಾಳದ ಹೊದಿಕೆಯ ಕೋಶಗಳಲ್ಲಿ ಮೊದಲು ಬೆಳೆದು, ಅಲ್ಲಿಂದ ಮೈಯೊಳಗೆ ಇಳಿಯುತ್ತದೆ ಎಂದು ಬಹುಕಾಲ ನಂಬಿದ್ದರು. ಆದರೆ 2000ದಲ್ಲಿ ಜಪಾನಿನ ಯೂಸುಕೆ ಯನಾಗಿ ಮತ್ತು ಅವರ ಸಂಗಡಿಗರು ಕಂಡುಹಿಡಿದ ಗ್ರಾಹಕವು ಹೊದಿಕೆಯ ಕೋಶಗಳಲ್ಲಿರಲಿಲ್ಲ. ರೋಗನಿರೋಧಕ ಕೋಶಗಳ ಮೇಲೆ ಇದ್ದಿತು. ದೇಹವನ್ನು ಕಾಯುವ ಪಹರೆಯವರನ್ನೇ ಈ ವೈರಸ್ಸು ಮೊದಲು ಹಿಡಿಯುವುದೆಂದು ಇದರಿಂದ ತಿಳಿದುಬಂದಿತು. ಶ್ವಾಸಕೋಶದಲ್ಲಿ ತಿರುಗಾಡುವ ಪಹರೆಯ ಕೋಶಗಳ ಬೆನ್ನೇರಿ ಅದು ಒಳಕ್ಕೆ ಹೋಗಿ, ದುಗ್ಧಗ್ರಂಥಿಗಳಲ್ಲಿ ಬೆಳೆದು, ರಕ್ತದ ಮೂಲಕ ಮೈಯೆಲ್ಲ ಸುತ್ತುತ್ತದೆ.

ಹಾಗಾದರೆ ಅದು ಮತ್ತೆ ಹೊರಗೆ ಬರುವುದು ಹೇಗೆ? 2008ರಲ್ಲಿ ಅಮೆರಿಕದ ರಾಬರ್ಟೊ ಕಟ್ಟಾನಿಯೊ ಮತ್ತು ಅವರ ಸಂಗಡಿಗರು ಒಂದು ಅಪೂರ್ವ ಪ್ರಯೋಗವನ್ನು ಪ್ರಕಟಿಸಿದರು. ಹೊದಿಕೆಯ ಕೋಶಗಳ ಮೇಲೆಯೂ ಇನ್ನೊಂದು ಗ್ರಾಹಕವಿರಬೇಕೆಂದು ಅವರು ಊಹಿಸಿದ್ದರು. ಅದರ ಹೆಸರು ಆಗ ಯಾರಿಗೂ ತಿಳಿದಿರಲಿಲ್ಲ. ಅದನ್ನು ಹಿಡಿಯಲಾರದ ಹಾಗೆ ವೈರಸ್ಸನ್ನು ಮಾರ್ಪಡಿಸಿ ಕೋತಿಗಳಿಗೆ ಸೋಂಕಿಸಿದರು. ಕೋತಿಗಳು ಕಾಯಿಲೆ ಬಿದ್ದವು; ಆದರೆ ಅವುಗಳ ಶ್ವಾಸನಾಳದಿಂದ ವೈರಸ್ಸು ಹೊರಬೀಳಲಿಲ್ಲ! ಮೈಯೊಳಗೆ ರೋಗವಿದ್ದೂ ಅದು ಇನ್ನೊಬ್ಬರಿಗೆ ಅಂಟುವ ದಾರಿ ಮುಚ್ಚಿಹೋಗಿದ್ದಿತು. ಎಂದರೆ, ಎಲ್ಲರೂ ಒಳಬಾಗಿಲೆಂದು ಭಾವಿಸಿದ್ದುದು ದಡಾರದ ಹೊರಬಾಗಿಲಾಗಿದ್ದಿತು.

ಆ ಬಾಗಿಲು ಯಾವುದು ಎಂಬುದು 2011ರಲ್ಲಿ ತಿಳಿಯಿತು. ಕೆನಡಾದ ಡಲ್‌ಹೌಸಿ ವಿಶ್ವವಿದ್ಯಾನಿಲಯದ ಕ್ರಿಸ್ಟೋಫರ್ ರಿಚರ್ಡ್‌ಸನ್ ಅವರ ತಂಡವೂ, ಜರ್ಮನಿ ಮತ್ತು ಅಮೆರಿಕದ ವಿಜ್ಞಾನಿಗಳ ಮತ್ತೊಂದು ತಂಡವೂ ಬೇರೆಬೇರೆಯಾಗಿ ದುಡಿದು ಒಂದೇ ಉತ್ತರಕ್ಕೆ ಬಂದವು. ಅದು ನೆಕ್ಟಿನ್-4, ಹಿಡಿಸಂಧಿಯ ಕೊಂಡಿ. ಅದಿರುವುದು ಕೋಶದ ಪಕ್ಕೆಯಲ್ಲಿ, ಬಿಗಿಸಂಧಿಯ ಕೆಳಗೆ. ಮೇಲಿನಿಂದ ಬಂದ ವೈರಸ್ಸಿಗೆ ಅದು ಎಟುಕದು. ಒಳಗೆ ಬೆಳೆದು ಕೆಳಗಿನಿಂದ ಬಂದ ವೈರಸ್ಸಿಗೆ ಅದು ಸುಲಭವಾಗಿ ಸಿಗುತ್ತದೆ. ವೈರಸ್ಸು ಆ ಕೊಂಡಿಯನ್ನು ಹಿಡಿದು ಹೊದಿಕೆಯ ಕೋಶವನ್ನು ಹೊಗುತ್ತದೆ, ಅಲ್ಲಿ ಬೆಳೆಯುತ್ತದೆ, ನೆತ್ತಿಯ ಕಡೆಯಿಂದ ಶ್ವಾಸನಾಳಕ್ಕೆ ಬೀಳುತ್ತದೆ. ಒಂದು ಕೆಮ್ಮು ಸಾಕು. ಅದು ಗಾಳಿಗೆ ಬಂದಿತು. ನನ್ನ ಹಾಸಿಗೆಯ ಬಳಿ ಕುಳಿತ ತಂಗಿಯನ್ನು ಅದು ಮುಟ್ಟಿದುದು ಹೀಗೆ.

ಇಷ್ಟಕ್ಕೇ ಕಥೆ ಮುಗಿಯಲಿಲ್ಲ. ಕೊಂಡಿಯ ಹಿಂದಿನ ಕಟ್ಟಿಗೆ, ಎಂದರೆ ಅಫಾಡಿನಿಗೆ, ಇದರಲ್ಲಿ ಏನಾದರೂ ಪಾತ್ರವುಂಟೋ? 2015ರಲ್ಲಿ ಇದಕ್ಕೂ ಉತ್ತರ ಬಂದಿತು. ಅಮೆರಿಕದ ವಿಜ್ಞಾನಿಗಳು ಮನುಷ್ಯರ ಶ್ವಾಸನಾಳದ ಕೋಶಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿದರು. ಸೋಂಕಿದ ಕೋಶದಲ್ಲಿ ಹಸಿರು ಹೊಳಪು ಕಾಣುವಂತೆ ವೈರಸ್ಸನ್ನು ಅಣಿಗೊಳಿಸಿ ಆ ಕೋಶಗಳಿಗೆ ಬಿಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಕುಳಿತರು. ಒಂದು ಕೋಶ ಹಸಿರಾಯಿತು. ಸ್ವಲ್ಪ ಹೊತ್ತಿನ ಮೇಲೆ ಆ ಹಸಿರು ಒಮ್ಮೆಲೇ ಪಕ್ಕದ ಕೋಶಕ್ಕೆ ಹರಿಯಿತು. ಕೋಶಕೋಶಗಳ ನಡುವಣ ಪಕ್ಕೆಯ ಗೋಡೆಯಲ್ಲಿ ರಂಧ್ರ ಬಿದ್ದಿದ್ದಿತು. ವೈರಸ್ಸು ಹೊರಗೆ ಬಂದು ಪುನಃ ಒಳಹೋಗುವ ಗೋಜೇ ಇಲ್ಲದೆ ಗೋಡೆಯ ಮೂಲಕವೇ ನೆರೆಮನೆಗೆ ದಾಟುತ್ತಿದ್ದಿತು.

ಬಳಿಕ ಅವರು ಕೋಶಗಳಲ್ಲಿ ಅಫಾಡಿನಿನ ಪ್ರಮಾಣವನ್ನು ಕಡಮೆ ಮಾಡಿದರು. ಸೋಂಕು ಮೊದಲಿನಷ್ಟು ಹರಡಲಿಲ್ಲ. ಅಫಾಡಿನನ್ನು ಹಿಡಿಯುವ ತುದಿಯನ್ನು ಕತ್ತರಿಸಿದ ನೆಕ್ಟಿನನ್ನು ಹಂದಿಯ ಶ್ವಾಸನಾಳದ ಕೋಶಗಳಿಗೆ ಸೇರಿಸಿ ನೋಡಿದರು. ಅದು ಇಡಿಯಾದ ನೆಕ್ಟಿನಿನಷ್ಟು ವೈರಸ್ಸಿಗೆ ನೆರವಾಗಲಿಲ್ಲ. ವೈರಸ್ಸಿಗೆ ಕೊಂಡಿಯೊಂದೇ ಸಾಲದು. ಕೊಂಡಿಯ ಹಿಂದಿನ ಕಟ್ಟೂ ಬೇಕು ಎಂಬುದು ಇದರಿಂದ ಸ್ಪಷ್ಟವಾಯಿತು. ಮಗ್ಗದ ಮುಂದೆ ಕುಳಿತು ಅಪ್ಪ ಬಲ್ಲ ಮಾತನ್ನು ವೈರಸ್ಸು ತನ್ನ ರೀತಿಯಲ್ಲಿ ಬಲ್ಲುದು. “ಲಾಳಿಗಿಂತ ಜೋರ ಓಡತೈತಿ” ಎಂದ ಆಯಿಯ ಮಾತಿಗೆ ಇದಕ್ಕಿಂತ ಮಿಗಿಲಾದ ವ್ಯಾಖ್ಯಾನವನ್ನು ನಾನು ಕಂಡಿಲ್ಲ.

ಇದು ದಡಾರವೊಂದರ ತಂತ್ರವೆಂದು ತಿಳಿಯಬೇಡಿರಿ. ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದಲ್ಲಿ ಕಾಕ್ಸಾಕಿ ಎಂಬ ಒಂದು ಪಟ್ಟಣವಿದೆ. 1948ರಲ್ಲಿ ಅಲ್ಲಿಯ ಮಕ್ಕಳಲ್ಲಿ ಕಂಡುಬಂದ ವೈರಸ್ಸಿಗೆ ಆ ಊರಿನ ಹೆಸರನ್ನೇ ಇಟ್ಟಿದ್ದಾರೆ. ಅದರ ಬಳಗದ ಕೆಲವು ವೈರಸ್ಸುಗಳು ಹೃದಯದ ಸ್ನಾಯುವಿಗೆ ಕೇಡುಮಾಡುತ್ತವೆ. ನೆಗಡಿ, ಕಣ್ಣುಬೇನೆಗಳನ್ನು ತರುವ ಅಡೆನೋವೈರಸ್ಸು ಬೇರೊಂದು ಕುಲದ್ದು. ಈ ಎರಡೂ ಒಂದೇ ಪ್ರೋಟೀನನ್ನು ಹಿಡಿದು ಕೋಶವನ್ನು ಹೊಗುತ್ತವೆಂಬುದು 1997ರಲ್ಲಿ ತಿಳಿಯಿತು. ಆಗಲೂ ಕಳ್ಳರ ಹೆಸರೇ ನಿಂತಿತು: “ಕಾಕ್ಸಾಕಿ-ಅಡೆನೋವೈರಸ್ ಗ್ರಾಹಕ”. 2001ರಲ್ಲಿ ಜೆಫ್ರಿ ಬರ್ಗೆಲ್ಸನ್ ಮತ್ತು ಅವರ ಸಂಗಡಿಗರು ಅದರ ನೆಲೆಯನ್ನು ಹುಡುಕಿದರು. ಅದೂ ಸಂಧಿಯಲ್ಲಿಯೇ ಇದ್ದಿತು! ಬಿಗಿಸಂಧಿಯಲ್ಲಿದ್ದುಕೊಂಡು ನೆರೆಯ ಕೋಶವನ್ನು ಹಿಡಿಯುವುದು ಅದರ ಕೆಲಸ. ಅದಕ್ಕೂ ಹಿಂದಿನಿಂದ ಆಸರೆಯಾಗಿ ಜೆಡ್‌ಒ-1 ಎಂಬ ಹಂದರ ಪ್ರೋಟೀನು ಇದೆ.

ಅಡೆನೋವೈರಸ್ಸು ಈ ಕೊಂಡಿಯನ್ನು ಬಳಸುವ ಬಗೆಯನ್ನು 2002ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿಕೊಟ್ಟಿತು. ಸೋಂಕಿದ ಕೋಶದಿಂದ ವೈರಸ್ಸಿನ ಜೊತೆಗೆ ಅದರ ಮೈಮೇಲಿನ ಕಡ್ಡಿಯಂತಹ ಪ್ರೋಟೀನು ಹೇರಳವಾಗಿ ಹೊರಬೀಳುತ್ತದೆ. ಆ ಕಡ್ಡಿಗಳು ಕೋಶಗಳ ನಡುವೆ ಹೊಕ್ಕು ಕೊಂಡಿಯ ಕೈಗಳನ್ನು ಹಿಡಿಯುತ್ತವೆ. ನೆರೆಯವನ ಕೈ ಇದ್ದಲ್ಲಿ ಕಡ್ಡಿ ಬಂದು ಕೂತರೆ ಹಿಡಿತ ಬಿಡಲೇಬೇಕು. ಬಿಟ್ಟ ಸಂದಿಯಿಂದ ವೈರಸ್ಸು ಶ್ವಾಸನಾಳಕ್ಕೆ ಜಾರಿಕೊಳ್ಳುತ್ತದೆ. ದಡಾರವು ಕೊಂಡಿಯನ್ನು ಉಳಿಸಿಕೊಂಡು ಅದರ ಮೂಲಕ ದಾಟಿದರೆ, ಅಡೆನೋವೈರಸ್ಸು ಕೊಂಡಿಯನ್ನು ಕಳಚಿ ದಾಟುತ್ತದೆ. ಉಪಾಯ ಎರಡು, ಕಣ್ಣಿಟ್ಟಿರುವ ಸ್ಥಳ ಒಂದೇ.

“ಹಾಗಾದರೆ ಈ ಕೊಂಡಿಗಳು ಇಲ್ಲದಿದ್ದರೇ ಒಳ್ಳೆಯದಲ್ಲವೇ?” ಎಂದು ನನ್ನ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ ಹಿಂದೊಮ್ಮೆ ಕೇಳಿದ್ದಳು. ಪ್ರಶ್ನೆ ಜಾಣತನದ್ದು. ಆದರೆ ಕೊಂಡಿಗಳಿಲ್ಲದ ಕೋಶಗಳು ಬಟ್ಟೆಯಾಗಲಾರವು, ನೂಲಿನ ರಾಶಿಯಾಗುವುವು. ಚರ್ಮ ನಿಲ್ಲದು, ಕರುಳು ನಿಲ್ಲದು, ಶ್ವಾಸನಾಳ ನಿಲ್ಲದು. ವೈರಸ್ಸಿಗೆ ಹೆದರಿ ಕೋಶಗಳು ಕೈ ಹಿಂದೆಗೆದುಕೊಂಡರೆ ವೈರಸ್ಸಿನ ಕೆಲಸವನ್ನು ತಾವೇ ಮಾಡಿ ಮುಗಿಸಿದಂತಾಗುವುದು. ಕೊಂಡಿ ದೇಹದ ದೋಷವಲ್ಲ. ದೇಹವು ದೇಹವಾಗಿರುವುದೇ ಅದರಿಂದ. ಆದುದರಿಂದ ಉಪಾಯವನ್ನು ಬೇರೆಡೆಯಲ್ಲಿ ಹುಡುಕಬೇಕು. ಕೊಂಡಿಯನ್ನು ಕಡಿಯದೆ, ಅದನ್ನು ಹಿಡಿಯಬರುವ ಕಳ್ಳನ ಕೈಯನ್ನು ಕಟ್ಟಬೇಕು.

ಲಸಿಕೆ ಮಾಡುವುದು ಇದನ್ನೇ. 1954ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಒಂದು ಶಾಲೆಯಲ್ಲಿ ದಡಾರ ಕಾಣಿಸಿಕೊಂಡಿತು. ಥಾಮಸ್ ಪೀಬಲ್ಸ್ ಎಂಬ ವೈದ್ಯರು ಅಲ್ಲಿಗೆ ಹೋಗಿ ಕಾಯಿಲೆ ಬಿದ್ದ ಹುಡುಗರ ರಕ್ತವನ್ನು ಸಂಗ್ರಹಿಸಿದರು. ಅವರೂ ಅವರ ಗುರುಗಳಾದ ಜಾನ್ ಎಂಡರ್ಸ್ ಅವರೂ ಸೇರಿ ಒಬ್ಬ ಹುಡುಗನ ರಕ್ತದಿಂದ ವೈರಸ್ಸನ್ನು ಬೇರ್ಪಡಿಸಿದರು. ಅದನ್ನು ಮತ್ತೆಮತ್ತೆ ಬೆಳೆಸಿ, ಬಲಗುಂದಿಸಿ ಲಸಿಕೆಯನ್ನಾಗಿ ಮಾಡಿದರು. 1963ರಲ್ಲಿ ಅದು ಅಮೆರಿಕದಲ್ಲಿ ಬಳಕೆಗೆ ಬಂದಿತು. ಲಸಿಕೆ ಹಾಕಿಸಿಕೊಂಡವರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳು ಕೊಂಡಿಯನ್ನು ಹಿಡಿಯುವ ವೈರಸ್ಸಿನ ಕೈಯನ್ನೇ ಮೊದಲು ಹಿಡಿದುಬಿಡುತ್ತವೆ. ಪ್ರತಿಕಾಯದಿಂದ ತಪ್ಪಿಸಿಕೊಳ್ಳಲು ವೈರಸ್ಸು ಆ ಕೈಯ ಆಕಾರವನ್ನು ಬದಲಿಸಿದರೆ ಕೊಂಡಿಯ ಮೇಲಿನ ಹಿಡಿತವೇ ತಪ್ಪುತ್ತದೆ. ಅಷ್ಟು ಹಳೆಯ ವೈರಸ್ಸಿನಿಂದ ಮಾಡಿದ ಲಸಿಕೆ ಇಂದಿಗೂ ಫಲಕಾರಿಯಾಗಿರುವುದಕ್ಕೆ ಇದೂ ಒಂದು ಕಾರಣ.

ಲಸಿಕೆ ಬರುವ ಮುನ್ನ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 26 ಲಕ್ಷ ಜನರು ದಡಾರದಿಂದ ಸಾಯುತ್ತಿದ್ದರು. 2023ರಲ್ಲಿ ಆ ಸಂಖ್ಯೆ ಸುಮಾರು 1 ಲಕ್ಷ 7 ಸಾವಿರ. ಬಹುಮಟ್ಟಿಗೆ ಲಸಿಕೆ ಸಿಗದ ಮಕ್ಕಳು. ನಮ್ಮ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ದಡಾರದ ಲಸಿಕೆ ಸೇರಿದುದು 1985ರಲ್ಲಿ. 2010ರಿಂದ ಎರಡನೆಯ ಸುತ್ತನ್ನೂ ಕೊಡತೊಡಗಿದರು. 2017ರ ಫೆಬ್ರವರಿಯಲ್ಲಿ ಬೆಂಗಳೂರಿನಿಂದ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ಆರಂಭವಾಗಿ, ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಶಾಲೆ ಅಂಗನವಾಡಿಗಳಲ್ಲಿಯೇ ಲಸಿಕೆ ಹಾಕಲಾಯಿತು. ಈಗ ಮಗುವಿಗೆ 9ರಿಂದ 12 ತಿಂಗಳೊಳಗೆ ಒಮ್ಮೆ, 16ರಿಂದ 24 ತಿಂಗಳೊಳಗೆ ಇನ್ನೊಮ್ಮೆ ಲಸಿಕೆ ಹಾಕಿಸಬೇಕು.

ಲಸಿಕೆಯ ಲೆಕ್ಕದಲ್ಲಿಯೂ ಕೊಂಡಿಯ ಪಾಠವಿದೆ. ರಕ್ಷಣೆಯಿಲ್ಲದವರ ನಡುವೆ ದಡಾರ ಹಿಡಿದ ಒಬ್ಬನು ಸರಾಸರಿ 12ರಿಂದ 18 ಜನರಿಗೆ ಅದನ್ನು ಅಂಟಿಸುವನು. ಆದುದರಿಂದ ಊರಿನ ನೂರು ಜನರಲ್ಲಿ ತೊಂಬತ್ತೈದು ಜನರಿಗಾದರೂ ರಕ್ಷಣೆಯಿರಬೇಕು. ಹಾಗಿದ್ದರೆ ಮಾತ್ರ ರೋಗವು ದಾರಿ ಕಾಣದೆ ನಿಂತುಹೋಗುತ್ತದೆ. ಇನ್ನೂ ಒಂಬತ್ತು ತಿಂಗಳು ತುಂಬದ ಹಸುಗೂಸಿಗೆ ಸುತ್ತಲಿನವರ ಲಸಿಕೆಯೇ ಕಾವಲು. ಅಣ್ಣನು ಹಾಕಿಸಿಕೊಂಡ ಲಸಿಕೆ ತೊಟ್ಟಿಲಲ್ಲಿರುವ ತಂಗಿಯನ್ನು ಕಾಯುತ್ತದೆ.

1969ರಲ್ಲಿ ಜಗತ್ತಿನಲ್ಲಿ ಲಸಿಕೆ ಇದ್ದಿತು. ನಮ್ಮ ಓಣಿಯಲ್ಲಿ ಇರಲಿಲ್ಲ. ತಂಗಿಗೆ ರೋಗ ತಂದವನು ನಾನೇ ಎಂದು ಎಷ್ಟೋ ವರ್ಷ ಒಳಗೊಳಗೇ ಕೊರಗಿದೆನು. ಅವಳು ನನ್ನ ಬಳಿ ಬಂದು ಕುಳಿತುದು ತಪ್ಪೆಂದೂ ಕೆಲವೊಮ್ಮೆ ಅನ್ನಿಸಿದ್ದುಂಟು. ಇಂದು ಹಾಗೆನ್ನಿಸುವುದಿಲ್ಲ. ಕಾಯಿಲೆಯ ಅಣ್ಣನ ಬಳಿ ತಂಗಿ ಬಂದು ಕೂರುವುದು ಸಹಜ. ಮನೆ ಮನೆಯಾಗಿರುವುದು ಅದರಿಂದ. ಆ ಕೊಂಡಿಗೆ ಬೇಕಾಗಿದ್ದ ಕಾವಲು ನಮಗೆ ದೊರೆತಿರಲಿಲ್ಲ, ಅಷ್ಟೆ. ಅದು ಈಗ ನಿಮಗೆ ದೊರೆತಿದೆ. ನಿಮ್ಮ ಮನೆಯಲ್ಲಿ, ನೆರೆಮನೆಯಲ್ಲಿ ಎಳೆಯ ಮಗುವಿದ್ದರೆ ಅದರ ಲಸಿಕೆಯ ಚೀಟಿಯನ್ನು ತೆಗೆಸಿ ನೋಡಿರಿ.

ಯುಗಾದಿ ಕಳೆದ ಮೇಲೆ ಒಂದು ಮುಂಜಾನೆ ನಮ್ಮ ಮಗ್ಗ ಮತ್ತೆ ಸದ್ದು ಮಾಡಿತು. ಎದ್ದು ಹೋಗಿ ನೋಡಿದೆನು. ಅಪ್ಪ ಅರ್ಧಕ್ಕೆ ನಿಂತಿದ್ದ ಸೀರೆಯ ಒಡಲನ್ನು ನೇಯ್ದು ಮುಗಿಸಿ, ದೀಪದ ಬೆಳಕಿನಲ್ಲಿ ಬಾಗಿ, ಸೆರಗಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕುತ್ತಿದ್ದನು.

ಶಬ್ದಾರ್ಥ

ಹಾಸು — ಬಟ್ಟೆಯಲ್ಲಿ ಉದ್ದಕ್ಕೆ ಹಾಕುವ ನೂಲು
ಕಂಡಿಕೆ — ಲಾಳಿಯೊಳಗೆ ಇಡುವ, ನೂಲು ಸುತ್ತಿದ ಕೊಳವೆ
ಇಯತ್ತೆ — ತರಗತಿ
ಆಯಿ — ಅಜ್ಜಿ
ಹಂದರ — ಬಳ್ಳಿ ಹಬ್ಬಿಸಲು ಕಟ್ಟಿದ ಚಪ್ಪರ
ಪ್ರತಿಕಾಯ — ರೋಗಾಣುವನ್ನು ಎದುರಿಸಲು ರಕ್ತದಲ್ಲಿ ಹುಟ್ಟುವ ಪ್ರೋಟೀನು

ಅಭ್ಯಾಸ

1. ಇಳಕಲ್ ಸೀರೆಯ ಕೊಂಡಿಗೂ ಜೀವಕೋಶಗಳ ನೆಕ್ಟಿನಿಗೂ ಇರುವ ಹೋಲಿಕೆಯನ್ನು ವಿವರಿಸಿರಿ.
2. 2008ರ ಪ್ರಯೋಗದಲ್ಲಿ ಕೋತಿಗಳು ಕಾಯಿಲೆ ಬಿದ್ದರೂ ವೈರಸ್ಸು ಹೊರಬೀಳಲಿಲ್ಲ. ಇದರಿಂದ ಏನು ತಿಳಿದುಬಂದಿತು?
3. ಅಫಾಡಿನಿನ ಪ್ರಮಾಣವನ್ನು ಕಡಮೆ ಮಾಡಿದಾಗ ಸೋಂಕು ಮೊದಲಿನಷ್ಟು ಹರಡಲಿಲ್ಲವೇಕೆ?
4. “ಕೊಂಡಿ ದೇಹದ ದೋಷವಲ್ಲ.” — ಈ ಮಾತನ್ನು ಸಂದರ್ಭಸಹಿತ ವಿವರಿಸಿರಿ.
5. ನಿಮ್ಮ ಊರಿನ ಒಂದು ಕಸುಬನ್ನು ಕುರಿತು, ಅದರಲ್ಲಿ ಜೋಡಿಸುವ ಕೆಲಸ ಎಲ್ಲಿ ಬರುತ್ತದೆಂಬುದನ್ನು ಗಮನಿಸಿ, ಹತ್ತು ವಾಕ್ಯಗಳಲ್ಲಿ ಬರೆಯಿರಿ.